ಹ್ಯಾಲೋವೀನ್ ರಾತ್ರಿ ಮಕ್ಕಳ ಜೊತೆ ನೋಡಲು ಹಳೇ ದೆವ್ವದ ಸಿನಿಮಾ ಆರಿಸುವುದು ಹೇಗೆ?

ಅಕ್ಟೋಬರ್ 31ರ ರಾತ್ರಿ ಎಂಟು ಗಂಟೆ. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಕೇಳುತ್ತಾ ಬೀದಿಯೆಲ್ಲ ಸುತ್ತಿ ಬಂದು ಚೀಲ ಬೋರಲು ಹಾಕಿ ಚಾಕೊಲೇಟನ್ನೆಲ್ಲ ಕಾರ್ಪೆಟ್ ಮೇಲೆ ಸುರಿದಿರುತ್ತಾರೆ. ಮಗ ತನಗೆ ಬೇಡದ್ದನ್ನು ತಂಗಿಗೆ ದಾಟಿಸಿ, ಅವಳ ಹತ್ತಿರ ಇರುವ ಒಳ್ಳೇದನ್ನು ಎತ್ತಿಕೊಳ್ಳುವ ವ್ಯಾಪಾರದಲ್ಲಿರುತ್ತಾನೆ. ಬಾಗಿಲ ಹೊರಗೆ ಕುಂಬಳಕಾಯಿ ದೀಪ ಇನ್ನೂ ಉರಿಯುತ್ತಿರುತ್ತದೆ. ಆಮೇಲೆ ಇಬ್ಬರದೂ ಒಂದೇ ಕೂಗು: “ಅಮ್ಮಾ, ಈಗ ಸ್ಕೇರಿ ಮೂವಿ!”

ನಾವು ಅಮೆರಿಕದ ಒಹಾಯೋಗೆ ಬಂದು ಹತ್ತು ವರ್ಷವಾಯಿತು. ನನಗೆ ಹ್ಯಾಲೋವೀನ್ ಇಲ್ಲಿಗೆ ಬಂದ ಮೇಲೆ ಗೊತ್ತಾದದ್ದು. ಮಕ್ಕಳಿಗೆ ಅದು ಬುದ್ಧಿ ಬಂದಾಗಿನಿಂದ ಇರುವ ಹಬ್ಬ. ಆ ರಾತ್ರಿಯ ಸಿನಿಮಾ ನಮ್ಮ ಮನೆಯಲ್ಲಿ ಈಗ ದೀಪಾವಳಿಯ ಎಣ್ಣೆಸ್ನಾನದಷ್ಟೇ ಖಾಯಂ. ಕೆಲವು ವರ್ಷ ಸರಿಯಾಗಿ ಆರಿಸಿದ್ದೇನೆ, ಒಂದು ವರ್ಷ ಕೆಟ್ಟದಾಗಿ ಎಡವಿದ್ದೇನೆ. 7 ವರ್ಷದ ಮಗಳು, 11 ವರ್ಷದ ಮಗ, ಸಾಗರದಿಂದ ಆರು ತಿಂಗಳಿಗೆ ಬಂದ ನನ್ನ ಅಮ್ಮ, ಮೂವರೂ ಒಂದೇ ಸೋಫಾದಲ್ಲಿ ಕೂತು ನೋಡಬೇಕು ಅಂದರೆ ಸ್ವಲ್ಪ ತಯಾರಿ ಬೇಕೇ ಬೇಕು. ನಾನು ಮಾಡುವ ಕ್ರಮ ಇದು.

ಮೊದಲ ಹೆಜ್ಜೆ: ಯಾವ ಕಾಲದ ಸಿನಿಮಾ ಅಂತ ನೋಡಿ

ಹಳೇ ಸಿನಿಮಾ ತಾನೇ, ಮಕ್ಕಳಿಗೆ ಏನೂ ಆಗಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಜಾಸ್ತಿ. ನನಗೂ ಇತ್ತು. ಮಗನಿಗೆ 7 ವರ್ಷ ಇದ್ದಾಗ 1980ರ ದಶಕದ ಶುರುವಿನ ಒಂದು ಸಿನಿಮಾ ಹಾಕಿದೆ. ಡಿವಿಡಿ ಮೇಲೆ ‘ಪಿಜಿ’ (ಪೇರೆಂಟಲ್ ಗೈಡೆನ್ಸ್, ಅಂದರೆ ಅಪ್ಪ-ಅಮ್ಮನ ಮಾರ್ಗದರ್ಶನ ಇರಲಿ) ಅಂತಿತ್ತು. ಅಪ್ಪ-ಅಮ್ಮ ಪಕ್ಕದಲ್ಲಿದ್ದರೆ ಸಾಕು ಅಂದುಕೊಂಡೆ. ಅರ್ಧ ಮುಗಿಯುವಷ್ಟರಲ್ಲಿ ಮಗ ನನ್ನ ತೋಳಿನಲ್ಲಿ ಮುಖ ಹುದುಗಿಸಿದ್ದ. ಅಲ್ಲಿಗೇ ನಿಲ್ಲಿಸಿದೆ, ಆದರೆ ಆಗಲೇ ತಡವಾಗಿತ್ತು. ಮೂರು ವಾರ ಅವನು ಬಚ್ಚಲಿಗೆ ಒಬ್ಬನೇ ಹೋಗಲಿಲ್ಲ. ಕನ್ನಡಿಯ ಮೇಲೆ ಟವೆಲ್ ಹೊದಿಸಿದ ಮೇಲೇ ಹಲ್ಲುಜ್ಜುತ್ತಿದ್ದ. ಆ ಟವೆಲ್ ನೋಡಿದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದಂತಾಗುತ್ತಿತ್ತು.

ಆಮೇಲೆ ಕೂತು ಈ ರೇಟಿಂಗ್‌ಗಳ ಕಥೆ ತಿಳಿದುಕೊಂಡೆ. ಅಮೆರಿಕದಲ್ಲಿ ವಯಸ್ಸಿನ ರೇಟಿಂಗ್ ಶುರುವಾದದ್ದೇ 1968ರ ನವೆಂಬರ್‌ನಲ್ಲಿ. 13 ತುಂಬದವರಿಗೆ ಕೆಲವು ಭಾಗ ಹೊಂದದಿರಬಹುದು ಅನ್ನುವ ಈಗಿನ ‘ಪಿಜಿ-13’ ಬಂದದ್ದು 1984ರ ಜುಲೈನಲ್ಲಿ. ಆ ವರ್ಷದ ‘ಗ್ರೆಮ್ಲಿನ್ಸ್’ ಮತ್ತು ಇಂಡಿಯಾನಾ ಜೋನ್ಸ್ ಸರಣಿಯ ಎರಡನೇ ಸಿನಿಮಾ ಎರಡಕ್ಕೂ ಪಿಜಿ ಸಿಕ್ಕಿತ್ತು. ಮಕ್ಕಳನ್ನು ಕರೆದುಕೊಂಡು ಹೋದ ಅಪ್ಪ-ಅಮ್ಮಂದಿರು ಗಲಾಟೆ ಎಬ್ಬಿಸಿದರು. ಆಗ ಆ ಇಂಡಿಯಾನಾ ಜೋನ್ಸ್ ಸಿನಿಮಾದ ನಿರ್ದೇಶಕ ಸ್ಟೀವನ್ ಸ್ಪಿಲ್‌ಬರ್ಗ್ ಅವರೇ ಪಿಜಿಗೂ ಅದಕ್ಕಿಂತ ಕಟ್ಟುನಿಟ್ಟಾದ ‘ಆರ್’ ರೇಟಿಂಗ್‌ಗೂ ನಡುವೆ ಇನ್ನೊಂದು ಮೆಟ್ಟಿಲು ಬೇಕು ಅಂದರು. ಅಂದರೆ 1984ಕ್ಕಿಂತ ಮುಂಚಿನ ಪಿಜಿ ಅನ್ನುವುದು ತುಂಬಾ ದೊಡ್ಡ ಚೀಲ. ಅದರೊಳಗೆ ಐದು ವರ್ಷದ ಮಗು ನೋಡಬಹುದಾದದ್ದೂ ಇದೆ, 1975ರ ‘ಜಾಸ್’ ಕೂಡ ಇದೆ. ಸಮುದ್ರದಲ್ಲಿ ಈಜುವ ಹುಡುಗಿಯನ್ನು ಶಾರ್ಕ್ ಎಳೆದುಕೊಂಡು ಹೋಗುವ ಅದರ ಮೊದಲ ದೃಶ್ಯ ನೆನಪಿದೆ ಅಲ್ವಾ?

1968ಕ್ಕಿಂತ ಹಿಂದಿನ ಸಿನಿಮಾಗಳಿಗೆ ಬಿಡುಗಡೆಯಾದಾಗ ರೇಟಿಂಗೇ ಇರಲಿಲ್ಲ. ಆದರೆ 1934ರ ಮಧ್ಯದಿಂದ ಹಾಲಿವುಡ್‌ನಲ್ಲಿ ಹೇಸ್ ಕೋಡ್ ಅನ್ನುವ ಕಟ್ಟುಪಾಡು ಬಿಗಿಯಾಗಿ ಜಾರಿಯಲ್ಲಿತ್ತು. ರಕ್ತ, ಬೆತ್ತಲೆ, ಕೆಟ್ಟ ಬೈಗುಳ ಇವಕ್ಕೆ ಹೆಚ್ಚು ಜಾಗ ಇರಲಿಲ್ಲ. 1960ರ ಹೊತ್ತಿಗೆ ಆ ಬಿಗಿ ಸಡಿಲವಾಯಿತು. ಹಾಗಾಗಿ 1935ರಿಂದ 1950ರ ದಶಕದ ಕೊನೆಯವರೆಗಿನ ಸಿನಿಮಾಗಳಲ್ಲಿ ಹುಡುಕಲು ಶುರು ಮಾಡಿ. 1931ರಿಂದ 1933ರ ನಡುವಿನವು ಸ್ವಲ್ಪ ಒರಟು. ಅವುಗಳಲ್ಲೇ ಬಂಗಾರದಂಥವೂ ಇವೆ, ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಎಚ್ಚರಿಕೆ ಮಾತ್ರ ಈಗಲೇ ಹೇಳಬೇಕು. ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಅನ್ನುವ ಕಪ್ಪು-ಬಿಳುಪು ಸಿನಿಮಾ ಇದೆ. ಹೆಣಗಳು ಎದ್ದು ಬಂದು ಮನುಷ್ಯರನ್ನು ತಿನ್ನುವ ಕಥೆ. ಅದು ಬಿಡುಗಡೆಯಾದದ್ದು 1968ರ ಅಕ್ಟೋಬರ್‌ನಲ್ಲಿ, ರೇಟಿಂಗ್ ಶುರುವಾಗಲು ಒಂದು ತಿಂಗಳು ಮುಂಚೆ. ಮಧ್ಯಾಹ್ನದ ಆಟಕ್ಕೆ ಸಣ್ಣ ಮಕ್ಕಳು ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ಅಳುತ್ತಾ ಕೂತಿದ್ದನ್ನು ವಿಮರ್ಶಕ ರೋಜರ್ ಈಬರ್ಟ್ ಆಗಲೇ ಬರೆದಿದ್ದಾರೆ. ಹೆಸರು ಬದಲಾಯಿಸುವಾಗ ಕಾಪಿರೈಟ್ ಸೂಚನೆ ಬಿಟ್ಟುಹೋದದ್ದರಿಂದ ಆ ಸಿನಿಮಾ ಈಗ ಯಾರ ಆಸ್ತಿಯೂ ಅಲ್ಲ. ಎಲ್ಲ ಕಡೆ ಪುಕ್ಕಟೆ ಸಿಗುತ್ತದೆ. ಅದಕ್ಕೇ ಹ್ಯಾಲೋವೀನ್ ಹೊತ್ತಿಗೆ ಕಣ್ಣ ಮುಂದೆ ಬರುತ್ತಲೇ ಇರುತ್ತದೆ. ಕಪ್ಪು-ಬಿಳುಪು, ಪುಕ್ಕಟೆ, ಹಳೇದು ಅಂತ ಒತ್ತಿಬಿಡಬೇಡಿ. ಅದು ದೊಡ್ಡವರ ಸಿನಿಮಾ.

ಎರಡನೇ ಹೆಜ್ಜೆ: ನಿಮ್ಮ ಮಗುವಿನ ಗುಮ್ಮ ಯಾವುದು?

ಎಲ್ಲ ಮಕ್ಕಳೂ ಒಂದೇ ಗುಮ್ಮನಿಗೆ ಹೆದರುವುದಿಲ್ಲ. ಇದು ನನಗೆ ತಡವಾಗಿ ಅರ್ಥವಾಯಿತು. ನನ್ನ ಮಗನಿಗೆ ರಾಕ್ಷಸ, ಡೈನೋಸಾರ್, ಅಸ್ಥಿಪಂಜರ ಯಾವುದೂ ಲೆಕ್ಕಕ್ಕಿಲ್ಲ. ಆದರೆ ನಮ್ಮ ಮನೆಯಂಥದ್ದೇ ಮನೆಯಲ್ಲಿ, ನಮ್ಮಲ್ಲಿರುವಂಥದ್ದೇ ಕಪಾಟಿನಿಂದ ಏನಾದರೂ ಹೊರಗೆ ಬಂದರೆ ಅವನು ತಡೆದುಕೊಳ್ಳಲಾರ. ಮಗಳು ಪೂರ್ತಿ ಬೇರೆ. ಅವಳಿಗೆ ಅಮ್ಮ ಕಾಣೆಯಾಗುವ ಕಥೆ ಬೇಡ, ನಾಯಿಗೆ ನೋವಾಗುವುದು ಬೇಡ. ದೆವ್ವಗಳು ಎಷ್ಟು ಬೇಕಾದರೂ ಬರಲಿ.

ಹಾಗಾಗಿ ಸಿನಿಮಾ ಹುಡುಕುವ ಮುಂಚೆ ಮಗುವಿನ ಜೊತೆ ಸುಮ್ನೆ ಮಾತಾಡಿ. “ನಿಂಗೆ ಯಾವುದು ಭಯ?” ಅಂತ ನೇರವಾಗಿ ಕೇಳಿದರೆ “ಯಾವುದೂ ಇಲ್ಲ” ಅಂತಲೇ ಉತ್ತರ ಬರುತ್ತದೆ. ಅದರ ಬದಲು ಇತ್ತೀಚೆಗೆ ಓದಿದ ಪುಸ್ತಕದಲ್ಲಿ ಯಾವ ಪುಟ ಬೇಗ ತಿರುಗಿಸಿದೆ ಅಂತ ಕೇಳಿ. ರಾತ್ರಿ ಯಾವ ದೀಪ ಉರಿಯುತ್ತಿರಬೇಕು ಅಂತ ಹಠ ಮಾಡುತ್ತದೆ ನೋಡಿ. ಅಲ್ಲೇ ಉತ್ತರ ಇರುತ್ತದೆ.

ಸಣ್ಣ ಮಕ್ಕಳಿಗೆ ದೂರದ ಭಯ ಒಳ್ಳೇದು. ಅಮೆಜಾನ್ ನದಿಯ ವಿಚಿತ್ರ ಪ್ರಾಣಿ, ಬೆಟ್ಟದ ಮೇಲಿನ ಕೋಟೆ, ಕುದುರೆಗಾಡಿಯ ಕಾಲ. ಸಿನಿಮಾ ಮುಗಿದ ಮೇಲೆ ಅದು ಅಲ್ಲೇ ಉಳಿಯುತ್ತದೆ, ಮಲಗುವ ಕೋಣೆಗೆ ಬರುವುದಿಲ್ಲ. 1930-40ರ ದಶಕದ ಸಿನಿಮಾಗಳು ಮಕ್ಕಳಿಗೆ ಒಗ್ಗುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ. ಆ ಲೋಕ ಅವರ ಮನೆಯ ಹಾಗಿಲ್ಲ. ಬಣ್ಣವೂ ಇಲ್ಲ.

ಇನ್ನೊಂದು ವಿಷಯ ನಾನು ಈಗ ತಪ್ಪದೆ ನೋಡುತ್ತೇನೆ. ಆ ರಾಕ್ಷಸನನ್ನು ನೋಡಿ ಮಗುವಿಗೆ ಪಾಪ ಅನಿಸುತ್ತದಾ? ಅನಿಸುವ ಹಾಗಿದ್ದರೆ ಆ ಸಿನಿಮಾ ಪಟ್ಟಿಗೆ ಬರುತ್ತದೆ. ಕನಿಕರ ಹುಟ್ಟಿದ ಕಡೆ ಭಯ ಹೆಪ್ಪುಗಟ್ಟುವುದಿಲ್ಲ. ಮಗು ರಾತ್ರಿ ಎದ್ದು ಕೂತರೂ ‘ಅದು ಬರುತ್ತೆ’ ಅನ್ನುವುದಿಲ್ಲ, ‘ಅದಕ್ಕೆ ಯಾಕೆ ಹಾಗೆ ಮಾಡಿದ್ರು?’ ಅನ್ನುತ್ತದೆ. ಎರಡನೆಯದಕ್ಕೆ ಅಮ್ಮಂದಿರ ಹತ್ತಿರ ಉತ್ತರ ಇದೆ.

ಮೂರನೇ ಹೆಜ್ಜೆ: ಮಕ್ಕಳಿಗಿಂತ ಮುಂಚೆ ನೀವು ನೋಡಿ

ಇದಕ್ಕೆ ಅಡ್ಡದಾರಿ ಇಲ್ಲ. ಒಳ್ಳೇ ಸುದ್ದಿ ಅಂದರೆ ಈ ಸಿನಿಮಾಗಳು ಚಿಕ್ಕವು. ‘ಫ್ರ್ಯಾಂಕನ್‌ಸ್ಟೈನ್’ ಬರೀ 71 ನಿಮಿಷ, ‘ದಿ ವುಲ್ಫ್ ಮ್ಯಾನ್’ 70. ಮಕ್ಕಳು ಮಲಗಿದ ಮೇಲೆ ಒಂದು ಬಟ್ಟೆ ರಾಶಿ ಮಡಚುವಷ್ಟರಲ್ಲಿ ಮುಗಿಯುತ್ತದೆ.

ನೋಡುವಾಗ ಒಂದು ಚೀಟಿ ಇಟ್ಟುಕೊಳ್ಳಿ. ಥಟ್ಟನೆ ಬೆಚ್ಚಿಬೀಳಿಸುವ ಜಾಗ ಬಂದರೆ ನಿಮಿಷ ಬರೆದುಕೊಳ್ಳಿ. ಪ್ರಾಣಿಗೆ ಹೊಡೆಯುವುದು, ಮಗು ಸಾಯುವುದು, ನೇಣು ಇವಿದ್ದರೆ ಅದನ್ನೂ ಬರೆಯಿರಿ. ರಿಮೋಟ್ ಪಕ್ಕ ಆ ಚೀಟಿ ಇದ್ದರೆ ನಿಮಗೂ ಧೈರ್ಯ. ‘ಈಗ ಒಂದು ಕೈ ಬರುತ್ತೆ ನೋಡು’ ಅಂತ ಮೊದಲೇ ಪಿಸುಗುಟ್ಟಿದರೆ ಸಣ್ಣವರಿಗೆ ಅರ್ಧ ಭಯ ಇಳಿಯುತ್ತದೆ, ಮಜಾ ಹಾಗೇ ಇರುತ್ತದೆ.

ನೋಡಲು ಪುರುಸೊತ್ತೇ ಇಲ್ಲ ಅಂದರೆ ಕಾಮನ್ ಸೆನ್ಸ್ ಮೀಡಿಯಾ ಅಥವಾ ಐಎಂಡಿಬಿ ಅನ್ನುವ ವೆಬ್‌ಸೈಟಿನಲ್ಲಿರುವ ಪೋಷಕರ ಮಾಹಿತಿ ಓದಿ. ಯಾವ ದೃಶ್ಯದಲ್ಲಿ ಏನಿದೆ ಅಂತ ಬಿಡಿಸಿ ಬರೆದಿರುತ್ತಾರೆ. ಕಥೆ ಗೊತ್ತಾಗಿಬಿಡುತ್ತದೆ ಅಂತ ಚಿಂತೆ ಬೇಡ. ಗೊತ್ತಿರಬೇಕಾದದ್ದೇ ನಿಮಗೆ.

ನಾಲ್ಕನೇ ಹೆಜ್ಜೆ: ವಯಸ್ಸಿಗೆ ತಕ್ಕದ್ದು ಆರಿಸಿ

ಐದಾರು ವರ್ಷದವರಿಗೆ ಪೂರ್ತಿ ಸಿನಿಮಾ ಬೇಕಿಲ್ಲ. ಡಿಸ್ನಿಯ 1929ರ ‘ದಿ ಸ್ಕೆಲೆಟನ್ ಡ್ಯಾನ್ಸ್’ ಐದಾರು ನಿಮಿಷದ್ದು. ಸ್ಮಶಾನದಲ್ಲಿ ನಾಲ್ಕು ಅಸ್ಥಿಪಂಜರ ಎದ್ದು ಕುಣಿಯುತ್ತವೆ. ಒಂದು ಇನ್ನೊಂದರ ಬೆನ್ನೆಲುಬನ್ನು ಜಲತರಂಗದ ಹಾಗೆ ಬಾರಿಸುತ್ತದೆ. ಕೋಳಿ ಕೂಗಿದ ಕೂಡಲೇ ಎಲ್ಲ ಗಡಬಡಿಸಿ ಒಳಗೆ ಓಡುತ್ತವೆ. ನನ್ನ ಮಗಳು ಇದನ್ನು ಒಂದೇ ರಾತ್ರಿ ನಾಲ್ಕು ಸಲ ಹಾಕಿಸಿಕೊಂಡಿದ್ದಳು. ಅದರ ಜೊತೆಗೆ 1966ರ ‘ಇಟ್ಸ್ ದಿ ಗ್ರೇಟ್ ಪಂಪ್ಕಿನ್, ಚಾರ್ಲಿ ಬ್ರೌನ್’ ಹಾಕಿ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಭಯದ್ದೇನೂ ಇಲ್ಲ. ಎಲ್ಲ ಮಕ್ಕಳಿಗೂ ಚಾಕೊಲೇಟ್ ಸಿಕ್ಕರೆ ಚಾರ್ಲಿಗೆ ಮನೆಮನೆಯಲ್ಲೂ ಕಲ್ಲು ಸಿಗುತ್ತದೆ. ಅದನ್ನು ನೋಡಿ ಮಗಳು ತನ್ನ ರಾಶಿಯಿಂದ ಒಂದನ್ನು ಟಿವಿ ಮುಂದೆ ಇಟ್ಟು ಬಂದಳು.

ಆರೇಳು ದಾಟಿದವರಿಗೆ ಡಿಸ್ನಿಯದ್ದೇ ಇನ್ನೊಂದಿದೆ, 1949ರ ‘ದಿ ಅಡ್ವೆಂಚರ್ಸ್ ಆಫ್ ಇಕಬಾಡ್ ಅಂಡ್ ಮಿಸ್ಟರ್ ಟೋಡ್’. ಅದರ ಎರಡನೇ ಅರ್ಧ ಮಾತ್ರ ಹಾಕಿದರೂ ನಡೆಯುತ್ತದೆ. ಒಬ್ಬ ಮೇಷ್ಟ್ರು ಹ್ಯಾಲೋವೀನ್ ರಾತ್ರಿ ಕಾಡುದಾರಿಯಲ್ಲಿ ಕುದುರೆ ಮೇಲೆ ಒಬ್ಬನೇ ಬರುತ್ತಾನೆ, ಹಿಂದೆ ರುಂಡವಿಲ್ಲದ ಸವಾರ. ಕಪ್ಪೆಗಳ ಸದ್ದು ಅವನ ಹೆಸರನ್ನೇ ಕೂಗಿದಂತೆ, ಗಾಳಿಗೆ ಅಲುಗುವ ಜೊಂಡಿನ ಬಡಿತ ಕುದುರೆ ಓಡಿ ಬಂದಂತೆ. ಬರೀ ಸದ್ದಿನಿಂದ ಎಷ್ಟು ಭಯ ಹುಟ್ಟಿಸಬಹುದು ಅನ್ನುವುದಕ್ಕೆ ಇದು ಒಳ್ಳೇ ಪಾಠ.

ಎಲ್ಲ ವಯಸ್ಸಿನವರೂ ಒಟ್ಟಿಗೆ ಕೂರಬೇಕು, ಒಂದೇ ಸಿನಿಮಾ ಹೇಳಿ ಅಂದರೆ ನಾನು ಯೋಚನೆ ಮಾಡದೆ 1948ರ ‘ಅಬಟ್ ಅಂಡ್ ಕಾಸ್ಟೆಲೋ ಮೀಟ್ ಫ್ರ್ಯಾಂಕನ್‌ಸ್ಟೈನ್’ ಅನ್ನುತ್ತೇನೆ. 83 ನಿಮಿಷ. ಅಬಟ್, ಕಾಸ್ಟೆಲೋ ಅನ್ನುವ ಹಾಸ್ಯಜೋಡಿ ಇಲ್ಲಿ ಇಬ್ಬರು ಕೂಲಿಗಳು, ಎರಡು ದೊಡ್ಡ ಪೆಟ್ಟಿಗೆ ಸಾಗಿಸಬೇಕು. ಒಂದರಲ್ಲಿ ರಕ್ತ ಹೀರುವ ಡ್ರಾಕುಲಾ, ಇನ್ನೊಂದರಲ್ಲಿ ಫ್ರ್ಯಾಂಕನ್‌ಸ್ಟೈನ್‌ನ ರಾಕ್ಷಸ. ದಪ್ಪಗಿರುವ ಕಾಸ್ಟೆಲೋ ಕಣ್ಣಿಗೆ ಎಲ್ಲ ಬೀಳುತ್ತದೆ, ಅಬಟ್ ತಿರುಗಿ ನೋಡುವಷ್ಟರಲ್ಲಿ ಏನೂ ಇಲ್ಲ. ಮಕ್ಕಳು ಟಿವಿಗೆ ಕೂಗಿ ಹೇಳುತ್ತಾರೆ, “ಹಿಂದೆ ನೋಡೋ, ಹಿಂದೆ!” ಇದರ ಗುಟ್ಟು ಏನೆಂದರೆ ಇಲ್ಲಿ ರಾಕ್ಷಸರು ಯಾರೂ ತಮಾಷೆ ಮಾಡುವುದಿಲ್ಲ. 1931ರಲ್ಲಿ ಡ್ರಾಕುಲಾ ಆಗಿದ್ದ ಬೆಲಾ ಲುಗೋಸಿ ಅವರೇ ಇಲ್ಲಿ ಮತ್ತೆ ಡ್ರಾಕುಲಾ, 1941ರ ತೋಳಮನುಷ್ಯ ಲಾನ್ ಚಾನಿ ಜೂನಿಯರ್ ಅವರೇ ಇಲ್ಲೂ ತೋಳಮನುಷ್ಯ. ಅವರು ಗಂಭೀರವಾಗಿ ಹೆದರಿಸುತ್ತಾರೆ, ಇವರು ಮನಸಾರೆ ಹೆದರುತ್ತಾರೆ. ನಗುವುದು ನಾವು. ಇಂಗ್ಲಿಷ್ ಪೂರ್ತಿ ಅರ್ಥವಾಗದ ನನ್ನ ಅಮ್ಮ ಕೂಡ ಕಣ್ಣೀರು ಬರುವಷ್ಟು ನಕ್ಕರು. ಮೊದಲ ವರ್ಷಕ್ಕೆ ಇದೇ ಸರಿ. ರಾಕ್ಷಸರ ಪರಿಚಯವೂ ಆಗಿಹೋಗುತ್ತದೆ.

ಎಂಟು-ಒಂಬತ್ತರವರಿಗೆ 1954ರ ‘ಕ್ರೀಚರ್ ಫ್ರಮ್ ದಿ ಬ್ಲ್ಯಾಕ್ ಲಗೂನ್’. ಅಮೆಜಾನ್‌ಗೆ ಹೋದ ವಿಜ್ಞಾನಿಗಳಿಗೆ ಅರ್ಧ ಮೀನು ಅರ್ಧ ಮನುಷ್ಯನಂಥ ಪ್ರಾಣಿ ಸಿಗುತ್ತದೆ. ಅದರ ಕೈ ಕಂಡಾಗಲೆಲ್ಲ ತುತ್ತೂರಿಯ ಒಂದೇ ಸದ್ದು ಜೋರಾಗಿ ಕೇಳಿಸುತ್ತದೆ. ಎರಡು ಸಲ ಆದ ಮೇಲೆ ಮಕ್ಕಳು ಅದಕ್ಕೇ ಕಾಯುತ್ತಾರೆ, ಜೊತೆಗೆ ತಾವೂ ಊದುತ್ತಾರೆ. ನೀರೊಳಗಿನ ದೃಶ್ಯಗಳು ನಿಜಕ್ಕೂ ಚೆಂದ. ಹುಡುಗಿ ಮೇಲೆ ಈಜುತ್ತಿರುತ್ತಾಳೆ, ಅದು ಅವಳ ಕೆಳಗೆ ಮಲಗಿದ ಹಾಗೆ ಜೊತೆಗೇ ಈಜುತ್ತದೆ, ಮುಟ್ಟಲು ಧೈರ್ಯ ಸಾಲದೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಆ ವೇಷ ಹಾಕಿದವರು ಇಬ್ಬರು. ನೆಲದ ಮೇಲೆ ಬೆನ್ ಚಾಪ್ಮನ್, ನೀರಿನಲ್ಲಿ ರಿಕೂ ಬ್ರೌನಿಂಗ್. ಬ್ರೌನಿಂಗ್ ಉಸಿರು ಬಿಗಿಹಿಡಿದೇ ಈಜುತ್ತಿದ್ದರು ಅಂತ ಹೇಳಿದಾಗ ನಮ್ಮ ಮಗ ತಾನೂ ಮೂಗು ಮುಚ್ಚಿಕೊಂಡು ಎಣಿಸಿದ.

ಈಗ ಬಂಗಾರದ ವಿಷಯಕ್ಕೆ ಬರುತ್ತೇನೆ. 1931ರ ‘ಫ್ರ್ಯಾಂಕನ್‌ಸ್ಟೈನ್’. ಹತ್ತು ವರ್ಷ ಆದವರಿಗೆ ಮಾತ್ರ, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ. ಒಬ್ಬ ವಿಜ್ಞಾನಿ ಹೆಣದ ತುಂಡುಗಳನ್ನು ಹೊಲಿದು ಒಬ್ಬನನ್ನು ಮಾಡಿ ಜೀವ ಕೊಡುತ್ತಾನೆ. ಫ್ರ್ಯಾಂಕನ್‌ಸ್ಟೈನ್ ಅನ್ನುವುದು ವಿಜ್ಞಾನಿಯ ಹೆಸರು. ಅವನು ಮಾಡಿದ ಜೀವಕ್ಕೆ ಹೆಸರೇ ಇಲ್ಲ. ಶುರುವಿನ ಪಾತ್ರಗಳ ಪಟ್ಟಿಯಲ್ಲಿ ಅದನ್ನು ಮಾಡಿದ ನಟನ ಹೆಸರಿನ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ, ಗಮನಿಸಿ ತೋರಿಸಿ. ಆ ನಟ ಬೋರಿಸ್ ಕಾರ್ಲೋಫ್. ಲಂಡನ್‌ನಲ್ಲಿ ಹುಟ್ಟಿದ ಅವರ ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರಾಟ್. ಅವರ ಪೂರ್ವಿಕರಲ್ಲಿ ಭಾರತೀಯರೂ ಇದ್ದರು. ಅದನ್ನು ಹೇಳಿದ ಕೂಡಲೇ ಅಮ್ಮ ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿ ಕೂತರು.

ಈ ಸಿನಿಮಾದಲ್ಲಿ ಎರಡು ದೃಶ್ಯಗಳಿವೆ. ಮೊದಲನೆಯದರಲ್ಲಿ ವಿಜ್ಞಾನಿ ಚಾವಣಿಯ ಕಿಟಕಿ ತೆರೆಯುತ್ತಾನೆ. ಕತ್ತಲಲ್ಲೇ ಇದ್ದ ಆ ಜೀವದ ಮುಖಕ್ಕೆ ಮೊದಲ ಸಲ ಬೆಳಕು ಬೀಳುತ್ತದೆ. ಅದು ತಲೆ ಎತ್ತುತ್ತದೆ. ನಿಧಾನಕ್ಕೆ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಬೆಳಕನ್ನು ಹಿಡಿಯಲು ನೋಡುತ್ತದೆ. ಕಿಟಕಿ ಮುಚ್ಚಿದ ಮೇಲೆ ಖಾಲಿ ಕೈ ಚಾಚಿ ಕೇಳುತ್ತದೆ. ಮಾತಿಲ್ಲ. ತೊಟ್ಟಿಲಲ್ಲಿರುವ ಕೂಸು ಕೈ ಆಡಿಸುವುದನ್ನು ನೋಡಿದ ಯಾರಿಗೂ ಅದು ಏನು ಅಂತ ಗೊತ್ತಾಗುತ್ತದೆ.

ಎರಡನೆಯದು ಕೆರೆಯ ದೃಶ್ಯ. ಮರಿಯಾ ಅನ್ನುವ ಪುಟ್ಟ ಹುಡುಗಿ ಆ ಜೀವಕ್ಕೆ ಹೆದರುವುದಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗಿ ಹೂವು ಕೊಡುತ್ತಾಳೆ. ಇಬ್ಬರೂ ಒಂದೊಂದಾಗಿ ಹೂವನ್ನು ನೀರಿಗೆ ಎಸೆಯುತ್ತಾರೆ, ಅವು ದೋಣಿಯ ಹಾಗೆ ತೇಲುತ್ತವೆ. ಅದು ಮೊದಲ ಸಲ ನಗುತ್ತದೆ. ಹೂವು ಮುಗಿಯುತ್ತದೆ. ಇವಳೂ ತೇಲುತ್ತಾಳೆ ಅಂದುಕೊಂಡು ಅದು ಅವಳನ್ನು ಎತ್ತಿ ನೀರಿಗೆ ಹಾಕುತ್ತದೆ. ಆಮೇಲೆ ಗಾಬರಿಯಾಗಿ ಓಡುತ್ತದೆ. ಹಿಂದೆ ಸೆನ್ಸಾರ್‌ನವರು ಈ ಕೊನೆಯ ಭಾಗ ಕತ್ತರಿಸಿದ್ದರು. ಅದು ಕೈ ಚಾಚುವುದಷ್ಟೇ ಉಳಿದಿತ್ತು, ನೋಡಿದವರು ಇನ್ನೂ ಕೆಟ್ಟದ್ದನ್ನು ಊಹಿಸಿಕೊಳ್ಳುವ ಹಾಗೆ. 1980ರ ದಶಕದಲ್ಲಿ ಆ ಭಾಗ ಮತ್ತೆ ಸೇರಿತು. ಈಗ ಸಿಗುವ ಪ್ರತಿಗಳಲ್ಲಿ ಪೂರ್ತಿ ಇದೆ. ಮಗು ಸಾಯುತ್ತದೆ, ಅದನ್ನು ಅಪ್ಪ ಎತ್ತಿಕೊಂಡು ಊರೊಳಗೆ ನಡೆದು ಬರುವುದನ್ನೂ ತೋರಿಸುತ್ತಾರೆ. ನಿಮ್ಮ ಮಗುವಿಗೆ ಇದು ಆಗುತ್ತದಾ ಅಂತ ನೀವೇ ತೀರ್ಮಾನಿಸಬೇಕು.

ಕಳೆದ ವರ್ಷ ಮಗಳು ಮಲಗಿದ ಮೇಲೆ ನಾನು, ಮಗ, ಅಮ್ಮ ಮೂವರು ಇದನ್ನು ನೋಡಿದೆವು. ಕೆರೆಯ ದೃಶ್ಯದಲ್ಲಿ ಮಗ ನನ್ನ ಕಡೆ ನೋಡಿದ. ನಾನು ಬಾಯಿ ಬಿಡುವ ಮುಂಚೆ ಅಮ್ಮ ಅಂದರು, “ಅಯ್ಯೋ ಪಾಪ ಪುಟ್ಟಾ, ಅದಕ್ಕೆ ನೀರು ಅಂದ್ರೆ ಏನು ಅಂತ ಯಾರು ಹೇಳ್ಕೊಟ್ಟಿದ್ರು?” ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಗ, “ಹಾಗಾದ್ರೆ ತಪ್ಪು ಯಾರದ್ದು ಅಜ್ಜಿ?” ಅಂದ. ಆ ಮಾತು ಮರುದಿನ ತಿಂಡಿಯ ಹೊತ್ತಿಗೂ ಮುಗಿದಿರಲಿಲ್ಲ. ಆ ವರ್ಷ ಕನ್ನಡಿಗೆ ಟವೆಲ್ ಬೀಳಲಿಲ್ಲ.

ಅದೇ ವಯಸ್ಸಿಗೆ 1933ರ ‘ಕಿಂಗ್ ಕಾಂಗ್’ ಕೂಡ ಹೊಂದುತ್ತದೆ. 100 ನಿಮಿಷ. ದೈತ್ಯ ಕೋತಿಯ ಕಥೆ. ಡೈನೋಸಾರ್ ಜೊತೆಗಿನ ಹೊಡೆದಾಟ, ಕೊನೆಗೆ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ ವಿಮಾನಗಳ ಗುಂಡು. ಆದರೆ ಅದರಲ್ಲಿ ದ್ವೀಪದ ಜನರನ್ನು ಕಾಡುಮನುಷ್ಯರ ಹಾಗೆ ಕೀಳಾಗಿ ತೋರಿಸಿದ್ದಾರೆ. ಅದನ್ನು ನುಂಗಿಕೊಂಡು ಸುಮ್ಮನಿರಬೇಡಿ. ನಿಲ್ಲಿಸಿ, ಇದು ತಪ್ಪು, ಆಗಿನವರು ಹೀಗೆ ನೋಡುತ್ತಿದ್ದರು ಅಂತ ಹೇಳಿ. ಮೈಬಣ್ಣದ ಮಾತು ನಮ್ಮ ಮಕ್ಕಳು ಇಲ್ಲಿ ಶಾಲೆಯಲ್ಲೇ ಕೇಳಿಸಿಕೊಂಡಿರುತ್ತಾರೆ. ಮನೆಯಲ್ಲೂ ಕೇಳಿದರೆ ಅವರಿಗೆ ನೆಮ್ಮದಿ.

‘ದಿ ವುಲ್ಫ್ ಮ್ಯಾನ್’ ಒಳ್ಳೆಯದು, ಮಂಜು ತುಂಬಿದ ಕಾಡು, ಬೇಡವೆಂದರೂ ತೋಳವಾಗುವ ಮನುಷ್ಯನ ಸಂಕಟ. ಶುರುವಿನಲ್ಲಿ ಅವನು ದೂರದರ್ಶಕದಿಂದ ಹುಡುಗಿಯ ಕೋಣೆಗೆ ಇಣುಕುವುದನ್ನು ಹುಡುಗಾಟ ಅನ್ನುವ ಹಾಗೆ ತೋರಿಸಿದ್ದಾರೆ, ಅದರ ಬಗ್ಗೆಯೂ ಒಂದು ಮಾತು ಆಡಿ. 1933ರ ‘ದಿ ಇನ್ವಿಸಿಬಲ್ ಮ್ಯಾನ್’ ಕಣ್ಣಿಗೆ ಹಬ್ಬ, ಬ್ಯಾಂಡೇಜ್ ಬಿಚ್ಚಿದರೆ ಒಳಗೆ ತಲೆಯೇ ಇಲ್ಲ. ಆದರೆ ಅವನು ರೈಲನ್ನೇ ಹಳಿ ತಪ್ಪಿಸಿ ತುಂಬಾ ಜನರನ್ನು ಕೊಲ್ಲುತ್ತಾನೆ, ಅವನ ಮೇಲೆ ಕನಿಕರ ಬರುವುದು ಕಷ್ಟ. ನಾನು ಇದನ್ನು ಇನ್ನೊಂದು ವರ್ಷ ಮುಂದಕ್ಕೆ ಹಾಕಿದ್ದೇನೆ. 1931ರ ‘ಡ್ರಾಕುಲಾ’ ಹೆಸರು ದೊಡ್ಡದು, ಒಂದು ತೊಟ್ಟು ರಕ್ತದಾಚೆ ಏನೂ ಕಾಣಿಸುವುದಿಲ್ಲ, ಕೋರೆಹಲ್ಲೂ ಇಲ್ಲ. ಆದರೆ ಹಿನ್ನೆಲೆ ಸಂಗೀತ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಮಾತು ಜಾಸ್ತಿ. ಮಕ್ಕಳು ಆಕಳಿಸುತ್ತಾರೆ. ಮೊದಲ ಹದಿನೈದು-ಇಪ್ಪತ್ತು ನಿಮಿಷ, ಕೋಟೆಯ ಭಾಗ ಮಾತ್ರ ತೋರಿಸಿ.

ಹನ್ನೆರಡು-ಹದಿಮೂರು ದಾಟಿದವರು ಮನೆಯಲ್ಲಿದ್ದರೆ 1963ರ ‘ದಿ ಹಾಂಟಿಂಗ್’. ದೆವ್ವ ಒಂದು ಕ್ಷಣವೂ ಕಾಣಿಸುವುದಿಲ್ಲ. ಆಚೆಯಿಂದ ಯಾರೋ ಬಡಿಯುತ್ತಾರೆ, ಮರದ ಬಾಗಿಲು ಉಸಿರೆಳೆದ ಹಾಗೆ ಒಳಕ್ಕೆ ಉಬ್ಬುತ್ತದೆ. ಅಷ್ಟೇ. ನನಗೇ ಕೈ ತಣ್ಣಗಾಯಿತು. ಕೊನೆಯಲ್ಲಿ ಒಂದು ಸಾವಿದೆ, ಮನಸ್ಸು ಸೂಕ್ಷ್ಮ ಇರುವ ಮಕ್ಕಳಿಗೆ ಭಾರವಾಗಬಹುದು. ಬೆಚ್ಚಿಬೀಳುವ ಮಜಾ ಬೇಕು ಅನ್ನುವವರಿಗೆ 1959ರ ‘ಹೌಸ್ ಆನ್ ಹಾಂಟೆಡ್ ಹಿಲ್’. ಆಗ ಕೆಲವು ಥಿಯೇಟರ್‌ಗಳಲ್ಲಿ ಇದರ ಒಂದು ದೃಶ್ಯ ಬಂದಾಗ ಜನರ ತಲೆ ಮೇಲೆ ತಂತಿಯಲ್ಲಿ ಅಸ್ಥಿಪಂಜರದ ಗೊಂಬೆ ಹಾರಿಸುತ್ತಿದ್ದರು. ನೇಣು ಮತ್ತು ಕತ್ತರಿಸಿದ ತಲೆ ಇದರಲ್ಲಿದೆ, ಸಣ್ಣವರಿಗೆ ಬೇಡ. 1960ರ ‘ಸೈಕೋ’ ಅಂತೂ ಮಕ್ಕಳು ಮನೆ ಬಿಟ್ಟು ಕಾಲೇಜಿಗೆ ಹೋದ ಮೇಲೆ ಅವರೇ ನೋಡಿಕೊಳ್ಳಲಿ.

ಐದನೇ ಹೆಜ್ಜೆ: ಒಳ್ಳೇ ಪ್ರತಿ ಹುಡುಕಿ

ಹಳೇ ಸಿನಿಮಾ ಮಕ್ಕಳಿಗೆ ರುಚಿಸದೆ ಹೋಗುವುದು ಬಹಳ ಸಲ ಕೆಟ್ಟ ಪ್ರತಿಯಿಂದ. ಮಸುಕು ಚಿತ್ರ, ಗೊರಗೊರ ಸದ್ದು ಇದ್ದರೆ ನಾವೇ ಹತ್ತು ನಿಮಿಷ ಕೂರಲಾರೆವು. ಊರಿನ ಪಬ್ಲಿಕ್ ಲೈಬ್ರರಿಗೆ ಹೋಗಿ ಕೇಳಿ. ಡಿವಿಡಿ ಅಲ್ಲಿ ಇಲ್ಲದಿದ್ದರೂ ಬೇರೆ ಶಾಖೆಯಿಂದ ತರಿಸಿಕೊಡುತ್ತಾರೆ. ಅಕ್ಟೋಬರ್ ಕೊನೆಗೆ ಎಲ್ಲರೂ ಇವನ್ನೇ ಕೇಳುತ್ತಾರೆ, ಆದ್ದರಿಂದ ತಿಂಗಳ ಶುರುವಿನಲ್ಲೇ ಹೆಸರು ಬರೆಸಿಡಿ. ಅನೇಕ ಊರುಗಳಲ್ಲಿ ಲೈಬ್ರರಿ ಕಾರ್ಡ್ ಇದ್ದರೆ ಕನೋಪಿ, ಹೂಪ್ಲಾ ಆ್ಯಪ್‌ಗಳಲ್ಲಿ ಪುಕ್ಕಟೆ ನೋಡಬಹುದು. ಹಳೇ ಸಿನಿಮಾಗಳನ್ನೇ ಹಾಕುವ ಟಿಸಿಎಂ ಚಾನೆಲ್‌ನಲ್ಲೂ ಅಕ್ಟೋಬರ್‌ನಲ್ಲಿ ಭಯದ ಸಿನಿಮಾ ಬರುತ್ತವೆ.

ಸಬ್‌ಟೈಟಲ್ ಇದೆಯಾ ನೋಡಿಕೊಳ್ಳಿ. ಆ ಕಾಲದ ಇಂಗ್ಲಿಷ್ ಉಚ್ಚಾರ ಇಲ್ಲೇ ಹುಟ್ಟಿದ ಮಕ್ಕಳಿಗೂ ಅರ್ಥವಾಗುವುದಿಲ್ಲ.

ಆರನೇ ಹೆಜ್ಜೆ: ಆ ರಾತ್ರಿ

ದೀಪ ಪೂರ್ತಿ ಆರಿಸಬೇಡಿ. ಅಡುಗೆಮನೆಯ ಸಣ್ಣ ದೀಪ ಉರಿಯುತ್ತಿರಲಿ. ಸಣ್ಣವರು ನಡುವೆ, ದೊಡ್ಡವರು ಎರಡೂ ತುದಿಗೆ. ಮಗುವಿನ ಕೈಗೇ ರಿಮೋಟ್ ಕೊಡಿ. ಬೇಕಾದಾಗ ನಿಲ್ಲಿಸಬಹುದು ಅಂತ ಗೊತ್ತಿದ್ದರೆ ಅದು ನಿಲ್ಲಿಸುವುದು ಕಡಿಮೆ. ಚಾಕೊಲೇಟ್ ಆಗಲೇ ಜಾಸ್ತಿ ಆಗಿರುತ್ತದೆ, ಅದಕ್ಕೆ ನಮ್ಮ ಮನೆಯಲ್ಲಿ ಖಾರದ ಮಂಡಕ್ಕಿ.

ಕಪ್ಪು-ಬಿಳುಪು ಅಂತ ಮಕ್ಕಳು ಮೂಗು ಮುರಿದರೆ ವಾದ ಮಾಡಬೇಡಿ. ಹತ್ತು ನಿಮಿಷ ನೋಡೋಣ, ಇಷ್ಟವಾಗದಿದ್ದರೆ ತೆಗೆಯೋಣ ಅನ್ನಿ. ನಮ್ಮಲ್ಲಿ ಇದುವರೆಗೆ ಯಾರೂ ತೆಗೆಸಿಲ್ಲ.

ಸಿನಿಮಾ ನಡುವೆ ಮಗು ಮಾತು ನಿಲ್ಲಿಸಿದರೆ, ತಿನ್ನುವುದು ನಿಲ್ಲಿಸಿದರೆ, ಕಾಲು ಮೇಲೆ ಎಳೆದುಕೊಂಡರೆ ಒಂದು ಸಲ ಕೇಳಿ. ಕಿರುಚುವ ಮಗು ಖುಷಿಯಲ್ಲಿರುತ್ತದೆ. ಸದ್ದಿಲ್ಲದೆ ಕೂತ ಮಗುವನ್ನು ಗಮನಿಸಬೇಕು. ನಿಲ್ಲಿಸಬೇಕಾಗಿ ಬಂದರೆ “ಇಷ್ಟಕ್ಕೆಲ್ಲ ಹೆದರ್ತೀಯಾ” ಅನ್ನಲೇಬೇಡಿ. ಅಣ್ಣನಿಗೂ ಅದನ್ನು ಅನ್ನಲು ಬಿಡಬೇಡಿ. ಮುಂದಿನ ವರ್ಷ ನೋಡೋಣ ಅಂದರೆ ಸಾಕು.

ಭಯದ ಮನಸ್ಸಲ್ಲೇ ಮಲಗಿಸಬೇಡಿ. ಸಿನಿಮಾ ಮುಗಿದ ಮೇಲೆ ಹದಿನೈದು ನಿಮಿಷ ಬೇರೆ ಏನಾದರೂ ಆಗಲಿ. ನಮ್ಮ ಮನೆಯಲ್ಲಿ ಆ ಹೊತ್ತು ಅಜ್ಜಿಯದ್ದು. ಬೆಂಗಳೂರಿನಲ್ಲಿ 1990ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವಕ್ಕೆ ಹೆದರಿ ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದ ಕಥೆ ಅವರು ಹೇಳಿದರು. ಅದು ಓದಿಕೊಂಡು ವಾಪಸ್ ಹೋಗುತ್ತದಂತೆ, ಮರುದಿನ ಬಂದರೆ ಮತ್ತೆ ಅದೇ ‘ನಾಳೆ ಬಾ’. ಮಗಳು ಎದ್ದು ಹೋಗಿ ತನ್ನ ಕೋಣೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು. ಕನ್ನಡದಲ್ಲೇ ಬರೆದಿದ್ದಳು, ‘ಳೆ’ ಮಾತ್ರ ತಿರುಗುಮುರುಗಾಗಿತ್ತು.

ಏಳನೇ ಹೆಜ್ಜೆ: ಮರುದಿನ ಗುಟ್ಟು ಬಿಚ್ಚಿ

ಇದನ್ನು ಬಿಡಬೇಡಿ. ಹೇಗೆ ಮಾಡಿದರು ಅಂತ ಗೊತ್ತಾದರೆ ಉಳಿದ ಭಯವೂ ಕುತೂಹಲವಾಗುತ್ತದೆ. ಫ್ರ್ಯಾಂಕನ್‌ಸ್ಟೈನ್‌ನ ರಾಕ್ಷಸನ ಮುಖ ಜ್ಯಾಕ್ ಪಿಯರ್ಸ್ ಅನ್ನುವ ಮೇಕಪ್ ಕಲಾವಿದರ ಕೈಕೆಲಸ, ದಿನಾ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಅದೃಶ್ಯ ಮನುಷ್ಯನಿಗೆ ಕಪ್ಪು ಮಖಮಲ್ಲಿನ ಬಟ್ಟೆ ತೊಡಿಸಿ ಕಪ್ಪು ಮಖಮಲ್ಲಿನ ಪರದೆ ಮುಂದೆ ನಿಲ್ಲಿಸಿ ಚಿತ್ರ ತೆಗೆದರು. ಕಾಂಗ್‌ನ ಗೊಂಬೆ ಸುಮಾರು ಒಂದೂವರೆ ಅಡಿ ಎತ್ತರ, ಒಳಗೆ ಲೋಹದ ಎಲುಬು, ಮೇಲೆ ಮೊಲದ ತುಪ್ಪಳ. ಟ್ರಿಕ್ ದೃಶ್ಯಗಳ ಕಲಾವಿದ ವಿಲಿಸ್ ಓಬ್ರಿಯನ್ ಮತ್ತು ಅವರ ತಂಡ ಅದನ್ನು ಕೂದಲೆಳೆಯಷ್ಟು ಅಲುಗಿಸಿ ಒಂದು ಚಿತ್ರ, ಮತ್ತೆ ಅಲುಗಿಸಿ ಇನ್ನೊಂದು ಚಿತ್ರ. ಪರದೆ ಮೇಲಿನ ಒಂದು ಸೆಕೆಂಡಿಗೆ 24 ಚಿತ್ರ. ಸಿನಿಮಾ ಗಮನವಿಟ್ಟು ನೋಡಿದರೆ ಕಾಂಗ್‌ನ ತುಪ್ಪಳ ಗಾಳಿ ಬೀಸಿದ ಹಾಗೆ ಅಲ್ಲಾಡುತ್ತದೆ. ಅದು ಗಾಳಿಯಲ್ಲ, ಗೊಂಬೆ ಅಲುಗಿಸಿದವರ ಬೆರಳ ಗುರುತು.

ನಾವು ‘ಕಿಂಗ್ ಕಾಂಗ್’ ನೋಡಿದ ಮರುದಿನ ಅಮ್ಮ ಚಪಾತಿಗೆ ಕಲಸಿದ ಹಿಟ್ಟಿನಲ್ಲಿ ಮಕ್ಕಳಿಗೆ ಒಂದು ಉಂಡೆ ಕೊಟ್ಟರು. ಮಗ ಕೋತಿ ಮಾಡಿದ, ಕಣ್ಣಿಗೆ ಎರಡು ಸಾಸಿವೆ. ಫೋನನ್ನು ಡಬ್ಬಕ್ಕೆ ಒರಗಿಸಿ ಇಟ್ಟು, ತಂಗಿ ಅಲುಗಿಸುವುದು, ಇವನು ಒತ್ತುವುದು. ಹಾಲಿನ ಲೋಟದ ಪಕ್ಕದಿಂದ ಸಕ್ಕರೆ ಡಬ್ಬದವರೆಗೆ ಕೋತಿಯನ್ನು ನಡೆಸಲು ಒಂದು ಗಂಟೆ, 60 ಚಿತ್ರ. ಸೆಕೆಂಡಿಗೆ 12ರಂತೆ ಓಡಿಸಿದರೆ ಐದು ಸೆಕೆಂಡ್ ಆಯಿತು. ಅಷ್ಟನ್ನೇ ಅವರು ಸಂಜೆ ಅಪ್ಪ ಬಂದ ಮೇಲೆ ಎಂಟು ಸಲ ತೋರಿಸಿದರು. ಆ ಹಿಟ್ಟಿನ ಕಾಂಗ್ ಒಣಗಿ ಬಿರುಕು ಬಿಡುವವರೆಗೂ ಅಮ್ಮ ಅದನ್ನು ಅಡುಗೆಮನೆಯ ಕಿಟಕಿಯಲ್ಲಿ, ತುಳಸಿ ಕುಂಡದ ಪಕ್ಕ ಇಟ್ಟಿದ್ದರು.